ಒಂದು ಯಾಮ್ ತಳಿಗೆ ಹನ್ನೆರಡು ವರ್ಷ: ಹೊಸ ಗೆಣಸು ಹೊಲಕ್ಕೆ ಬರುವ ದಾರಿ

ನೇರಳೆ ಬಣ್ಣದ ಐಸ್‌ಕ್ರೀಮು, ಕೇಕುಗಳ ಚಿತ್ರ ಈಚಿನ ವರ್ಷಗಳಲ್ಲಿ ಬಹಳ ಜನರ ಫೋನಿಗೆ ಬಂದಿರುತ್ತದೆ. ಆ ಬಣ್ಣ ಕೊಡುವುದು ಫಿಲಿಪ್ಪೀನ್ಸಿನವರು ‘ಊಬೆ’ ಎಂದು ಕರೆಯುವ ಗೆಣಸು. ನಮಗೆ ಅದು ಹೊಸತಲ್ಲ. ಕರಾವಳಿ, ಮಲೆನಾಡಿನ ಹಿತ್ತಿಲುಗಳಲ್ಲಿ ಹೆಗ್ಗೆಣಸು ಎನ್ನುವುದೂ ಉತ್ತರ ಕನ್ನಡದ ಜೋಯಿಡಾದ ಕುಣಬಿ ರೈತರು ಕೋನ ಎನ್ನುವುದೂ ಇದೇ ಜಾತಿ. ಜೋಯಿಡಾದ ಗಡ್ಡೆಗೆಣಸು ಮೇಳಕ್ಕೆ ಹೋದವರು ಅದರ ಬಗೆಬಗೆಯ ಗಾತ್ರ, ಬಣ್ಣಗಳನ್ನು ನೋಡಿರುತ್ತಾರೆ. ಪೇಟೆಯಲ್ಲಿ ಬೇಡಿಕೆ ಕಂಡ ಕೂಡಲೇ ರೈತರು ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಒಳ್ಳೆ ತಳಿ ಯಾವುದು, ಎಲ್ಲಿ ಸಿಗುತ್ತದೆ? ಟೊಮೆಟೊ, ಮೆಣಸಿನಕಾಯಿಗಾದರೆ ಬೀಜದಂಗಡಿಯವರು ಒಂದೇ ಉಸಿರಿಗೆ ಹತ್ತು ಹೆಸರು ಹೇಳಿಬಿಡುತ್ತಾರೆ. ಈ ಗೆಣಸಿಗೆ ಬೀಜದ ಪೊಟ್ಟಣವೇ ಇಲ್ಲ. ಸುಧಾರಿತ ತಳಿಗಳು ಇವೆ, ಆದರೆ ಬೆರಳೆಣಿಕೆಯಷ್ಟು.

ಯಾಕೆ ಇಷ್ಟು ಕಡಿಮೆ ಎಂಬುದಕ್ಕೆ ಉತ್ತರ ಆ ಗಿಡದ ಸ್ವಭಾವದಲ್ಲೇ ಇದೆ. ಆ ಸ್ವಭಾವದೊಂದಿಗೆ ಅತಿ ಹೆಚ್ಚು ಗುದ್ದಾಡಿರುವವರು ಪಶ್ಚಿಮ ಆಫ್ರಿಕದ ವಿಜ್ಞಾನಿಗಳು ಮತ್ತು ರೈತರು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಅಲ್ಲಿಯದೇ.

ಯಾವುದು ಯಾಮ್, ಯಾವುದು ಅಲ್ಲ

ನಾವು ಗೆಣಸು, ಗೆಡ್ಡೆ ಎಂದು ಕರೆಯುವುದೆಲ್ಲ ಒಂದೇ ಕುಟುಂಬದ್ದಲ್ಲ. ಸಿಹಿಗೆಣಸು, ಮರಗೆಣಸು, ಸುವರ್ಣಗೆಡ್ಡೆ ಈ ಮೂರೂ ಬೇರೆ ಬೇರೆ ಸಸ್ಯಕುಲಗಳಿಗೆ ಸೇರಿದವು. ಯಾಮ್ ಎಂದರೆ ಡಯೋಸ್ಕೋರಿಯ ಎಂಬ ಕುಲದ ಬಳ್ಳಿಗಳು. ಈ ಕುಲದಲ್ಲಿ 600ಕ್ಕೂ ಹೆಚ್ಚು ಜಾತಿಗಳಿದ್ದರೂ ಊಟಕ್ಕೆಂದು ಬೆಳೆಯುವುದು ಕೆಲವನ್ನು ಮಾತ್ರ. ಅವುಗಳಲ್ಲಿ ಎರಡು ಮುಖ್ಯ. ಒಂದು ಏಷ್ಯಾ ಮೂಲದ ಹೆಗ್ಗೆಣಸು, ಶಾಸ್ತ್ರೀಯ ಹೆಸರು ಡಯೋಸ್ಕೋರಿಯ ಅಲಾಟ. ಇದರ ಹಂಬನ್ನು ಎರಡು ಬೆರಳ ನಡುವೆ ಹಿಡಿದು ತಿರುಗಿಸಿದರೆ ನಾಲ್ಕು ಏಣು ಸ್ಪಷ್ಟವಾಗಿ ಕೈಗೆ ಸಿಗುತ್ತವೆ. ಇನ್ನೊಂದು ಆಫ್ರಿಕ ಮೂಲದ ಬಿಳಿ ಯಾಮ್, ಡಯೋಸ್ಕೋರಿಯ ರೊಟುಂಡಾಟ. ಅದರ ಹಂಬು ದುಂಡಗೆ, ಅನೇಕ ಸಲ ಮುಳ್ಳಿನಿಂದ ಕೂಡಿರುತ್ತದೆ. ಮುಂದೆ ಈ ಎರಡರ ಹೆಸರೇ ಮತ್ತೆ ಮತ್ತೆ ಬರುತ್ತದೆ.

ಅಲ್ಲಿ ಅದು ಪಕ್ಕದ ಪಲ್ಯವಲ್ಲ, ಊಟವೇ ಅದು

ನೈಜೀರಿಯ, ಘಾನಾ, ಬೆನಿನ್, ಟೋಗೊ, ಐವರಿ ಕೋಸ್ಟ್ ಸೇರಿದ ಪ್ರದೇಶವನ್ನು ಕೃಷಿ ತಜ್ಞರು ಯಾಮ್ ಪಟ್ಟಿ ಎನ್ನುತ್ತಾರೆ. ಜಗತ್ತಿನ ಯಾಮ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಇಲ್ಲಿಯದು. ನೈಜೀರಿಯ ಒಂದೇ ಸುಮಾರು ಮೂರರಲ್ಲಿ ಎರಡು ಪಾಲು ಬೆಳೆಯುತ್ತದೆ. ಆ ದೇಶದ ಬೆನ್ಯೂ ರಾಜ್ಯದ ಜಾಕಿ ಬಿಯಾಮ್ ಸಂತೆಯಲ್ಲಿ ಲಾರಿಗಟ್ಟಲೆ ಯಾಮ್ ಬಂದು ಬೀಳುತ್ತದೆ. ಇಗ್ಬೊ ಜನ ಹೊಸ ಗೆಡ್ಡೆ ಕಿತ್ತಾಗ ‘ಇರಿ ಜಿ’ ಎಂಬ ಹಬ್ಬ ಮಾಡುತ್ತಾರೆ. ಆ ಹಬ್ಬ ಆಗುವ ತನಕ ಹೊಸ ಯಾಮ್ ತಿನ್ನಬಾರದೆಂಬ ಕಟ್ಟಳೆ ಅನೇಕ ಊರುಗಳಲ್ಲಿ ಇದೆ. ಯೊರುಬಾ ಮನೆಗಳಲ್ಲಿ ಬೇಯಿಸಿದ ಬಿಳಿ ಯಾಮ್ ಅನ್ನು ಮರದ ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ನುಣ್ಣಗೆ ಎಳೆಯುವ ಹದಕ್ಕೆ ತಂದು, ‘ಇಯಾನ್’ ಎಂದು ಬಡಿಸುತ್ತಾರೆ. ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದಿ ತಿನ್ನುವುದು ಕ್ರಮ.

ಇಷ್ಟು ಮುಖ್ಯವಾದ ಬೆಳೆ. ಆದರೂ ಗೋಧಿ, ಭತ್ತ, ಮೆಕ್ಕೆಜೋಳಕ್ಕೆ ಸಂಶೋಧನೆಯಲ್ಲಿ ಸಿಕ್ಕ ಹಣ, ಗಮನ ಇದಕ್ಕೆ ಸಿಗಲಿಲ್ಲ. ಶ್ರೀಮಂತ ದೇಶಗಳು ಬೆಳೆಯದ ಬೆಳೆಗೆ ಆಗುವ ಗತಿ ಇದು. ಒಟ್ಟು ಉತ್ಪಾದನೆ ಹೆಚ್ಚಾದದ್ದೂ ಬಹುಮಟ್ಟಿಗೆ ಹೊಸ ಹೊಲಗಳಿಗೆ ಬೆಳೆ ಹರಡಿದ್ದರಿಂದಲೇ ಹೊರತು ಎಕರೆಗೆ ಹೆಚ್ಚು ಸಿಕ್ಕಿದ್ದರಿಂದಲ್ಲ.

ತುಂಡಿನಿಂದ ತುಂಡಿಗೆ ಸಾಗುವ ತಳಿ

ತಳಿ ಅಭಿವೃದ್ಧಿ ಎಂದರೇನು? ಒಂದು ಗಿಡದಲ್ಲಿ ಇಳುವರಿ ಚೆನ್ನಾಗಿದೆ, ಇನ್ನೊಂದರಲ್ಲಿ ರೋಗ ತಡೆಯುವ ಶಕ್ತಿ ಇದೆ. ಎರಡನ್ನೂ ಕೂಡಿಸಿ, ಹುಟ್ಟಿದ ಮರಿಗಳಲ್ಲಿ ಎರಡೂ ಗುಣ ಇರುವುದನ್ನು ಹುಡುಕಿ ತೆಗೆಯುವುದು. ಹೀಗೆ ಕೂಡಿಸುವುದಕ್ಕೆ ಸಂಕರ ಎನ್ನುತ್ತಾರೆ. ಅದಕ್ಕೆ ಹೂವು ಬೇಕು, ಪರಾಗ ಬೇಕು, ಬೀಜ ಬೇಕು.

ಯಾಮ್ ಬೆಳೆಯುವವರಿಗೆ ಇವು ಯಾವುದೂ ಬೇಕಾಗಿಲ್ಲ. ಗೆಡ್ಡೆಯನ್ನು ತುಂಡು ಮಾಡಿ ನೆಟ್ಟರೆ ಸಾಕು. ಆಲೂಗೆಡ್ಡೆಯಲ್ಲಿರುವಂತೆ ಎದ್ದು ಕಾಣುವ ಕಣ್ಣು ಇದರಲ್ಲಿ ಇಲ್ಲ. ಸಿಪ್ಪೆಯ ಕೆಳಗಿನ ಪದರದಲ್ಲಿ ಮೊಳಕೆ ಹೊಸದಾಗಿ ರೂಪುಗೊಳ್ಳುತ್ತದೆ. ಹಾಗಾಗಿ ಪ್ರತಿ ತುಂಡಿನಲ್ಲೂ ಒಂದಿಷ್ಟು ಸಿಪ್ಪೆ ಇರಲೇಬೇಕು. ಹೀಗೆ ಹುಟ್ಟುವ ಗಿಡ ತಾಯಿಯ ತದ್ರೂಪ. ಮಾವನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ. ಆಪೂಸಿನ ಕಸಿ ಗಿಡ ಆಪೂಸನ್ನೇ ಕೊಡುತ್ತದೆ. ಅದೇ ಹಣ್ಣಿನ ಓಟೆ ಹಾಕಿದರೆ ಬರುವ ಮರ ಹುಳಿಯೋ ನಾರೋ, ಹೇಳಲಾಗದು. ಯಾಮ್ ಬೀಜವೂ ಹಾಗೆಯೇ. ಒಂದೇ ಕಾಯಿಯ ಆರು ಬೀಜಗಳಿಂದ ಆರು ಬೇರೆ ಬೇರೆ ಬಳ್ಳಿಗಳು ಬರುತ್ತವೆ.

ತಳಿ ಮಾಡುವವರಿಗೆ ಇದರಿಂದ ಒಂದು ಲಾಭವಿದೆ. ಸಾವಿರ ಮರಿಗಳಲ್ಲಿ ಒಂದೇ ಒಂದು ಚೆನ್ನಾಗಿ ಬಂದರೂ ಸಾಕು, ಮುಂದೆ ಅದನ್ನು ತುಂಡು ಮಾಡಿ ಮಾಡಿ ಎಷ್ಟು ವರ್ಷ ಬೇಕಾದರೂ ಹಾಗೇ ಉಳಿಸಿಕೊಳ್ಳಬಹುದು. ನಷ್ಟವೂ ಇದೆ. ತಾಯಿ ಗೆಡ್ಡೆಯಲ್ಲಿ ವೈರಸ್ಸೋ ಜಂತುವೋ ಹೊಕ್ಕಿದ್ದರೆ ಅದೂ ತುಂಡಿನೊಂದಿಗೆ ಮುಂದಿನ ವರ್ಷಕ್ಕೆ ಬರುತ್ತದೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ.

ಕಾಡಿನಿಂದ ಹೊಲಕ್ಕೆ ತಂದವರು

ಪ್ರಯೋಗಾಲಯಗಳಿಗಿಂತ ಬಹಳ ಮೊದಲೇ ಈ ಕೆಲಸ ನಡೆದಿದೆ. ಬಿಳಿ ಯಾಮ್‌ನ ಮೂಲ ಹುಡುಕಿದ ಎರಡು ಜೀನೋಮ್ ಅಧ್ಯಯನಗಳು 2019 ಮತ್ತು 2020ರಲ್ಲಿ ಹೊರಬಂದವು. ಮೊದಲನೆಯದು ಕಾಡಿನಲ್ಲಿ ಬೆಳೆಯುವ ಪ್ರೇಹೆನ್ಸಿಲಿಸ್ ಎಂಬ ಜಾತಿಯನ್ನು ನೈಜರ್ ನದಿಯ ಕಣಿವೆಯಲ್ಲಿ ಪಳಗಿಸಿದ್ದೇ ಬಿಳಿ ಯಾಮ್ ಎಂದಿತು. ಎರಡನೆಯದು, ಅದು ಪ್ರೇಹೆನ್ಸಿಲಿಸ್ ಮತ್ತು ಹುಲ್ಲುಗಾವಲಿನ ಅಬಿಸಿನಿಕ ಎಂಬ ಇನ್ನೊಂದು ಜಾತಿಯ ಸಂಕರದಿಂದ ಬಂದದ್ದು ಎಂದಿತು. ಎರಡರ ನಡುವೆ ಚರ್ಚೆ ಇದೆ. ಏನೇ ಆದರೂ, ಮೂಲ ಬಳ್ಳಿಗಳು ಅಲ್ಲಿಯ ಕಾಡು ಬಯಲುಗಳಲ್ಲಿ ಈಗಲೂ ಇವೆ.

ಬೆನಿನ್ ದೇಶದ ಕೆಲವು ರೈತರು ಇಂದಿಗೂ ಅವನ್ನು ಅಗೆದು ತರುತ್ತಾರೆ. ಕಾಡು ಗೆಡ್ಡೆ ಉದ್ದಕ್ಕೆ, ತೆಳ್ಳಗೆ, ನಾರುನಾರಾಗಿ ಆಳಕ್ಕೆ ಇಳಿದಿರುತ್ತದೆ. ಅದನ್ನು ತಂದು ಹೊಲದಲ್ಲಿ ನೆಟ್ಟು, ಆಳಕ್ಕೆ ಇಳಿಯದಂತೆ ಕೆಲವರು ಅಡಿಗೆ ಕಲ್ಲೋ ಮಡಕೆ ಚೂರೋ ಇಟ್ಟು, ಚೆನ್ನಾಗಿ ಕಂಡದ್ದರ ತುಂಡನ್ನು ಮತ್ತೆ ಮತ್ತೆ ನೆಡುತ್ತಾರೆ. ಕೆಲವು ವರ್ಷ ಹೀಗೆ ಮಾಡಿದ ಮೇಲೆ ಕೆಲವು ಬಳ್ಳಿಗಳು ದಪ್ಪ, ಮೃದು ಗೆಡ್ಡೆ ಕೊಡಲು ಶುರುಮಾಡುತ್ತವೆ. ಅವು ಸಾಮಾನ್ಯವಾಗಿ ಹೊಲದ ಯಾಮ್‌ಗೂ ಕಾಡಿನದಕ್ಕೂ ತಾನಾಗಿ ಆದ ಸಂಕರದ ಮರಿಗಳು. ಅಂದರೆ ಹೊಸ ರಕ್ತವನ್ನು ಬೆಳೆಗೆ ಸೇರಿಸುವ ಕೆಲಸವನ್ನು ರೈತರು ತಾವೇ ಮಾಡುತ್ತ ಬಂದಿದ್ದಾರೆ. ಘಾನಾದ ಪೊನ, ನೈಜೀರಿಯದ ಹೆಂಬಾಂಕ್ವಾಸೆ, ಅಮುಲ, ಮೆಕ್ಕಾಕೂಸದಂಥ ಹೆಸರಾಂತ ನಾಟಿ ತಳಿಗಳ ಹಿಂದೆ ಇಂಥ ಕೈಗಳಿವೆ. ಈ ನಾಟಿ ತಳಿಗಳ ಅತಿ ದೊಡ್ಡ ಸಂಗ್ರಹ ಇರುವುದು ನೈಜೀರಿಯದ ಇಬಾಡನ್ ನಗರದಲ್ಲಿ, 1967ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ. ಸಂಕ್ಷಿಪ್ತವಾಗಿ ಐಐಟಿಎ. ಅಲ್ಲಿ 5 ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಕಾಪಾಡಿದ್ದಾರೆ.

ಹೂವಿನ ಹತ್ತಿರ ಬಂದಾಗ

ತಳಿ ವಿಜ್ಞಾನಿಯ ನಿಜವಾದ ಕಷ್ಟ ಇಲ್ಲಿಂದ ಶುರು. ಸಾವಿರಾರು ವರ್ಷ ತುಂಡಿನಿಂದಲೇ ಬೆಳೆಸಿಕೊಂಡು ಬಂದ ಬೆಳೆಯಲ್ಲಿ ಹೂ ಬಿಡುವ ಗುಣವನ್ನು ಯಾರೂ ಆರಿಸಿ ಉಳಿಸಲಿಲ್ಲ. ಅನೇಕ ಒಳ್ಳೆಯ ತಳಿಗಳು ಹೂವೇ ಬಿಡುವುದಿಲ್ಲ. ಕೆಲವು ಒಂದು ವರ್ಷ ಹೂ ಬಿಟ್ಟು ಮುಂದಿನ ವರ್ಷ ಸುಮ್ಮನಿರುತ್ತವೆ.

ಬಿಟ್ಟರೂ ಗಂಡು ಹೂವು ಒಂದು ಬಳ್ಳಿಯಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಪಪ್ಪಾಯಿ ಬೆಳೆಯುವವರಿಗೆ ಗಂಡು ಗಿಡ, ಹೆಣ್ಣು ಗಿಡದ ವಿಚಾರ ಗೊತ್ತೇ ಇದೆ. ಯಾಮ್‌ನಲ್ಲೂ ಅದೇ ವ್ಯವಸ್ಥೆ. ನಿಮಗೆ ಬೇಕಾದ ಎರಡು ತಳಿಗಳೂ ಗಂಡಾಗಿದ್ದರೆ ಅಲ್ಲಿಗೆ ಮುಗಿಯಿತು, ಅವನ್ನು ನೇರವಾಗಿ ಕೂಡಿಸಲು ಸಾಧ್ಯವೇ ಇಲ್ಲ. ಒಂದು ಗಂಡು, ಒಂದು ಹೆಣ್ಣು ಸಿಕ್ಕಿತು ಎನ್ನಿ, ಎರಡೂ ಒಂದೇ ವಾರದಲ್ಲಿ ಅರಳಬೇಕು. ಗಂಡು ಮೊದಲೇ ಅರಳಿ ಉದುರಿಹೋಗುವುದು ಸಾಮಾನ್ಯ. ಹಾಗಾಗಿ ಗಂಡು ಬಳ್ಳಿಯನ್ನು ವಾರಗಳ ಅಂತರದಲ್ಲಿ ಮೂರು ನಾಲ್ಕು ಸಲ ನೆಡುತ್ತಾರೆ. ಯಾವುದಾದರೂ ಒಂದು ತಂಡ ಹೆಣ್ಣಿನ ಹೊತ್ತಿಗೆ ಸರಿಹೊಂದಲಿ ಎಂದು.

ಹೂವು ಕೆಲವೇ ಮಿಲಿಮೀಟರ್ ಗಾತ್ರದ್ದು. ಪರಾಗ ಅಂಟು ಅಂಟಾಗಿರುವುದರಿಂದ ಗಾಳಿಗೆ ಹಾರುವುದಿಲ್ಲ. ಹೊಲದಲ್ಲಿ ಅದನ್ನು ಸಾಗಿಸುವುದು ಥ್ರಿಪ್ಸ್ ಎಂಬ ಅತಿ ಸಣ್ಣ ಕೀಟಗಳು. ಕೆಲಸಗಾರರು ಹೆಣ್ಣು ಹೂಗೊಂಚಲು ಅರಳುವ ಮೊದಲೇ ಅದಕ್ಕೆ ಸಣ್ಣ ಕಣ್ಣಿನ ಬಲೆಚೀಲ ಕಟ್ಟುತ್ತಾರೆ, ಬೇಡದ ಪರಾಗ ಬರದಿರಲಿ ಎಂದು. ಅರಳಿದ ದಿನ ಚೀಲ ಬಿಚ್ಚಿ, ಗಂಡು ಹೂವನ್ನು ಒಡೆದು, ಮೊನಚಾದ ಕಡ್ಡಿಯ ತುದಿಗೆ ಪರಾಗ ತೆಗೆದುಕೊಂಡು, ಭೂತಗನ್ನಡಿಯಲ್ಲಿ ನೋಡುತ್ತ ಹೆಣ್ಣು ಹೂವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ತುದಿಗೆ, ಮುಟ್ಟಿಸುತ್ತಾರೆ. ಮತ್ತೆ ಚೀಲ ಕಟ್ಟಿ, ತಂದೆ ತಾಯಿಯ ಹೆಸರು, ದಿನಾಂಕ ಬರೆದ ಚೀಟಿ ತೂಗುಹಾಕುತ್ತಾರೆ. ಒಂದು ಹೂವಿಗೆ ಇಷ್ಟು ಕೆಲಸ. ಹೀಗೆ ಮುಟ್ಟಿಸಿದ ಹೂಗಳಲ್ಲಿ ಬಹುಪಾಲು ಕಾಯಿ ಕಟ್ಟದೆ ಒಣಗಿಬಿಡುತ್ತವೆ. ಕಾಯಿ ಕಟ್ಟಿದರೆ ಅದಕ್ಕೆ ಮೂರು ರೆಕ್ಕೆ, ಒಂದೊಂದರಲ್ಲಿ ಎರಡು ಬೀಜ, ಒಟ್ಟು ಆರು. ಎಲ್ಲವೂ ಗಟ್ಟಿಯಾಗಿರುತ್ತವೆಂಬ ಭರವಸೆ ಇಲ್ಲ. ಬೀಜಕ್ಕೂ ತೆಳು ಪೊರೆಯ ರೆಕ್ಕೆ ಇರುವುದರಿಂದ ಕಾಯಿ ಒಣಗಿ ಬಿರಿಯುವ ಮೊದಲೇ ಕೊಯ್ಯಬೇಕು, ಇಲ್ಲದಿದ್ದರೆ ಹಾರಿಹೋಗುತ್ತದೆ.

ಇದಕ್ಕೆ ವರ್ಣತಂತುಗಳ ತೊಡಕೂ ಸೇರಿಕೊಳ್ಳುತ್ತದೆ. ಜೀವಕೋಶದಲ್ಲಿ ಆನುವಂಶಿಕ ಮಾಹಿತಿ ಹೊತ್ತ ಎಳೆಗಳೇ ವರ್ಣತಂತುಗಳು. ಹೆಗ್ಗೆಣಸಿನ ಕೆಲವು ತಳಿಗಳಲ್ಲಿ 40, ಕೆಲವುಗಳಲ್ಲಿ 60, ಇನ್ನು ಕೆಲವುಗಳಲ್ಲಿ 80 ವರ್ಣತಂತುಗಳಿವೆ. ಸಂಖ್ಯೆ ಬೇರೆ ಬೇರೆ ಇರುವ ತಂದೆ ತಾಯಿಯನ್ನು ಕೂಡಿಸಿದರೆ ಬೀಜ ಜೊಳ್ಳಾಗುವುದು, ಮರಿ ಬಂಜೆಯಾಗುವುದು ಹೆಚ್ಚು.

ಬೀಜದಿಂದ ತಳಿಯವರೆಗೆ

ನೈಜೀರಿಯ 2001ರಲ್ಲಿ ಬಿಳಿ ಯಾಮ್‌ನ ಸಂಕರ ತಳಿಗಳನ್ನು ಬಿಡುಗಡೆ ಮಾಡಿತು. ಐಐಟಿಎ ಮತ್ತು ಉಮುಡಿಕೆಯಲ್ಲಿರುವ ರಾಷ್ಟ್ರೀಯ ಬೇರು ಬೆಳೆಗಳ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಕೆಲಸ ಅದು. ಅವುಗಳಲ್ಲಿ ಒಂದರ ಹೆಸರು ಟಿಡಿಆರ್ 89/02677. ಆ 89 ಎಂಬುದು 1989ನೇ ಇಸವಿಯ ಗುರುತು. ಬೀಜದ ಸಾಲಿನಿಂದ ಬಿಡುಗಡೆಯ ತನಕ ಹನ್ನೆರಡು ವರ್ಷ. ಅಷ್ಟು ಕಾಲ ಎಲ್ಲಿ ಹೋಯಿತು?

ಮೊದಲ ವರ್ಷ ಬೀಜ ಮೊಳೆತು ಬರುವ ಬಳ್ಳಿ ಕೊಡುವುದು ಸಣ್ಣದೊಂದು ಗೆಡ್ಡೆ. ಅದನ್ನು ತುಂಡು ಮಾಡಲೂ ಆಗದು. ಮಳೆಗಾಲಕ್ಕೊಂದೇ ಬೆಳೆ, ಕಿತ್ತ ಗೆಡ್ಡೆ ತಿಂಗಳುಗಟ್ಟಲೆ ಮೊಳೆಯದೆ ಸುಪ್ತವಾಗಿರುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಬೆಳೆ ತೆಗೆದು ಅವಸರ ಮಾಡುವ ಹಾದಿಯೂ ಮುಚ್ಚಿದೆ. ಎರಡನೇ ವರ್ಷ ಒಂದೆರಡು ಗಿಡ, ಮೂರನೇ ವರ್ಷ ಐದಾರು. ಒಂದು ತಳಿಯನ್ನು ನಾಲ್ಕಾರು ಊರುಗಳಲ್ಲಿ, ಪ್ರತಿ ಊರಲ್ಲಿ ಹತ್ತಾರು ಗಿಡಗಳಂತೆ ಪರೀಕ್ಷಿಸಬೇಕೆಂದರೆ ಅಷ್ಟು ಗೆಡ್ಡೆ ಕೂಡಿಸುವುದಕ್ಕೇ ವರ್ಷಗಳು ಬೇಕು. ಹೀಗೆ ಹೆಚ್ಚಿಸುತ್ತಲೇ ಪ್ರತಿ ವರ್ಷವೂ ಜರಡಿ ಹಿಡಿಯುತ್ತಾರೆ. ರೋಗ ಬಂದದ್ದು, ಗೆಡ್ಡೆ ಕವಲೊಡೆದದ್ದು, ಮುಳ್ಳುಬೇರು ಹೆಚ್ಚಿರುವುದು ಹೊರಗೆ. ಸಾವಿರಾರು ಸಸಿಗಳಿಂದ ಶುರುವಾಗಿ ಕೊನೆಗೆ ಉಳಿಯುವುದು ಒಂದೆರಡು. ಉಳಿದದ್ದನ್ನು ರೈತರ ಹೊಲಗಳಲ್ಲಿ, ಅವರದೇ ಬೇಸಾಯ ಕ್ರಮದಲ್ಲಿ ಬೆಳೆಸಿ ನೋಡಿದ ಮೇಲೆ ಬಿಡುಗಡೆಯ ಸಮಿತಿಯ ಮುಂದೆ ಇಡುತ್ತಾರೆ.

ಒರಳಿನ ಪರೀಕ್ಷೆ

ನನಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವೆನಿಸುವ ಹಂತ ಇದು. ಇಳುವರಿ ಎಷ್ಟೇ ಬರಲಿ, ರೋಗ ಎಷ್ಟೇ ತಡೆಯಲಿ, ಕುಟ್ಟಿದಾಗ ಹದ ಬರದಿದ್ದರೆ ಆ ತಳಿಯನ್ನು ಯಾರೂ ಎರಡನೇ ಸಲ ನೆಡುವುದಿಲ್ಲ. ಹೆಗ್ಗೆಣಸು ಆಫ್ರಿಕದಲ್ಲಿ ಹುಲುಸಾಗಿ ಬರುತ್ತದೆ, ಬಿಳಿ ಯಾಮ್‌ಗಿಂತ ಸುಲಭವಾಗಿ ಹೆಚ್ಚುತ್ತದೆ. ಆದರೆ ಅದರಲ್ಲಿ ನೀರಿನಂಶ ಜಾಸ್ತಿ, ಹಿಟ್ಟಿನಂಶ ಕಡಿಮೆ. ಒರಳಿನಲ್ಲಿ ಕುಟ್ಟಿದರೆ ಉಂಡೆ ಕಟ್ಟದೆ ಹರಡಿಕೊಳ್ಳುತ್ತದೆ. ಆದ್ದರಿಂದಲೇ ಪೇಟೆಯಲ್ಲಿ ಬಿಳಿ ಯಾಮ್‌ಗೆ ಸಿಗುವ ಬೆಲೆ ಇದಕ್ಕಿಲ್ಲ.

ಹಾಗಾಗಿ ಈಗ ತಳಿ ಕೇಂದ್ರಗಳಲ್ಲಿ ಅಡುಗೆಮನೆಯೂ ಪರೀಕ್ಷಾಲಯದ ಭಾಗವಾಗಿದೆ. ಗೆಡ್ಡೆಯನ್ನು ಹೆಚ್ಚಿ ಇಟ್ಟು, ಹೊತ್ತು ಕಳೆದಂತೆ ಬಣ್ಣ ಎಷ್ಟು ಕಂದಾಗುತ್ತದೆ ಎಂದು ಅಳೆಯುತ್ತಾರೆ. ಬೇಗ ಕಪ್ಪಾಗುವುದನ್ನು ಅಲ್ಲಿಯ ಹೆಂಗಸರು ಮುಟ್ಟುವುದಿಲ್ಲ. ಬೇಯಿಸಿ ಕುಟ್ಟಿ, ಎಳೆದರೆ ಎಷ್ಟು ಉದ್ದ ಬರುತ್ತದೆ, ಗಂಟು ಉಳಿಯುತ್ತದೆಯೇ, ಬೆರಳಿಗೆ ಅಂಟುತ್ತದೆಯೇ ಎಂದು ರುಚಿ ಬಲ್ಲವರ ತಂಡ ಅಂಕ ಕೊಡುತ್ತದೆ. ಹಿಂದೆ ಇದು ಕಟ್ಟಕಡೆಯ ಹಂತದಲ್ಲಿ ನಡೆಯುತ್ತಿತ್ತು. ಹತ್ತು ವರ್ಷದ ಶ್ರಮ ಒರಳಿನಲ್ಲಿ ಸೋಲುತ್ತಿತ್ತು. ಈಗ ಗೆಡ್ಡೆಯ ತುರಿಯ ಮೇಲೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯಿಸಿ, ಮರಳಿ ಬಂದ ಬೆಳಕಿನಿಂದ ಒಣ ಪದಾರ್ಥ, ಹಿಟ್ಟಿನ ಪ್ರಮಾಣವನ್ನು ಅಂದಾಜು ಮಾಡುವ ಉಪಕರಣ ಬಂದಿದೆ. ನೂರಾರು ಮಾದರಿಗಳನ್ನು ಶುರುವಿನಲ್ಲೇ ಜರಡಿ ಹಿಡಿಯಬಹುದು. ಆದರೂ ಕೊನೆಯ ಮಾತು ಒರಳಿನದೇ.

ರೋಗ, ಜಂತು, ಕಂಬ

ಹೆಗ್ಗೆಣಸಿನ ದೊಡ್ಡ ಶತ್ರು ಚಿಬ್ಬು ರೋಗ. ಶಿಲೀಂಧ್ರದಿಂದ ಬರುತ್ತದೆ. ಎಲೆಯ ಮೇಲೆ ಕಪ್ಪು ಚುಕ್ಕೆ, ಆಮೇಲೆ ನರಗಳು ಕಪ್ಪಾಗಿ, ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಇಡೀ ಹಂಬು ಸುಟ್ಟಂತೆ ಒಣಗುತ್ತದೆ. ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪದಲ್ಲಿ ರೈತರು ಬಹುಮಟ್ಟಿಗೆ ವೈಟ್ ಲಿಸ್ಬನ್ ಎಂಬ ಒಂದೇ ತಳಿಯನ್ನು ನೆಚ್ಚಿಕೊಂಡಿದ್ದರು. 1980ರ ದಶಕದಲ್ಲಿ ಚಿಬ್ಬು ರೋಗ ಬಂದಾಗ ಅಲ್ಲಿಯ ಯಾಮ್ ಬೇಸಾಯಕ್ಕೇ ಪೆಟ್ಟು ಬಿತ್ತು. ಎಲ್ಲ ಗಿಡಗಳೂ ಒಂದೇ ತಾಯಿಯ ತದ್ರೂಪಗಳಾಗಿದ್ದರೆ ಒಂದಕ್ಕೆ ತಟ್ಟಿದ ರೋಗ ಎಲ್ಲಕ್ಕೂ ತಟ್ಟುತ್ತದೆ. ಬಿಳಿ ಯಾಮ್‌ಗೆ ಗಿಡಹೇನು ಹರಡುವ ಮೊಸಾಯಿಕ್ ವೈರಸ್ ಹೆಚ್ಚಿನ ಕಾಟ. ಎರಡಕ್ಕೂ ಬೇರಿನ ಜಂತುಹುಳುಗಳ ಬಾಧೆ ಇದೆ. ಅವು ಹೊಲದಲ್ಲಿ ಹೊಕ್ಕು ದಾಸ್ತಾನಿನಲ್ಲಿ ಗೆಡ್ಡೆಯನ್ನು ಒಣಕೊಳೆಗೆ ತಳ್ಳುತ್ತವೆ.

ಇನ್ನು ಕಂಬದ ವಿಚಾರ. ಬಳ್ಳಿ ಮೇಲೆ ಹಬ್ಬಿದರೆ ಎಲೆಗೆ ಬಿಸಿಲು ಚೆನ್ನಾಗಿ ಬಿದ್ದು ಇಳುವರಿ ಬರುತ್ತದೆ. ಪ್ರತಿ ಬಳ್ಳಿಗೂ ಗೂಟ ಬೇಕೆಂದರೆ ಮರ ಕಡಿಯಬೇಕು, ಕೂಲಿ ಕೊಡಬೇಕು. ಕಂಬ ಬೇಡದ ಗಿಡ ಮಾಡಬಹುದೇ ಎಂದು ಆಫ್ರಿಕದವರೂ ನೋಡುತ್ತಿದ್ದಾರೆ. ಈ ದಾರಿಯಲ್ಲಿ ಭಾರತದ ಒಂದು ಹೆಜ್ಜೆ ಹೆಮ್ಮೆಯಿಂದ ಹೇಳಬೇಕಾದದ್ದು. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ನೈಜೀರಿಯದಿಂದ ಬಿಳಿ ಯಾಮ್ ತರಿಸಿತು. ಅವುಗಳಲ್ಲಿ ಚೆನ್ನಾಗಿ ಬಂದವನ್ನು ಆರಿಸಿ ಶ್ರೀ ಶುಭ್ರ, ಶ್ರೀ ಪ್ರಿಯ ಎಂದು ಹೆಸರಿಟ್ಟಿತು. ಮುಂದೆ 1990ರ ದಶಕದಲ್ಲಿ ಹಬ್ಬದೆ ಪೊದೆಯಾಗಿ ಬೆಳೆಯುವ ಗಿಡ್ಡ ಸಂಕರ ತಳಿ ಶ್ರೀ ಧನ್ಯವನ್ನು ಹೊರತಂದಿತು. ಅದಕ್ಕೆ ಕಂಬ ಬೇಕಾಗಿಲ್ಲ.

ಎಲೆಯ ಚೂರು ಹೇಳುವ ಭವಿಷ್ಯ

ಹನ್ನೆರಡು ವರ್ಷವನ್ನು ತಗ್ಗಿಸಲು ಆಗದೇ? ಇಲ್ಲಿ ಜೀನೋಮ್ ನೆರವಿಗೆ ಬರುತ್ತದೆ. ಜೀನೋಮ್ ಎಂದರೆ ಒಂದು ಜೀವಿಯ ಡಿಎನ್‌ಎಯಲ್ಲಿ ಬರೆದ ಪೂರ್ತಿ ಮಾಹಿತಿ. ಬಿಳಿ ಯಾಮ್‌ನ ಜೀನೋಮ್ 2017ರಲ್ಲಿ ಪ್ರಕಟವಾಯಿತು. ಜಪಾನಿನ ಇವಾಟೆ ಜೈವಿಕ ತಂತ್ರಜ್ಞಾನ ಸಂಶೋಧನಾ ಕೇಂದ್ರ ಮತ್ತು ಐಐಟಿಎ ಅದರಲ್ಲಿ ಇದ್ದವು. ಹೆಗ್ಗೆಣಸಿನದು 2022ರಲ್ಲಿ ಬಂತು.

ಮೊದಲ ಉಪಯೋಗ ಗಂಡು ಹೆಣ್ಣಿನ ಗುರುತು. ಮನುಷ್ಯರಲ್ಲಿ ಗಂಡಿಗೆ ಎಕ್ಸ್ ಮತ್ತು ವೈ ಎಂಬ ಎರಡು ಬಗೆಯ ಲಿಂಗ ವರ್ಣತಂತುಗಳಿವೆ, ಹೆಗ್ಗೆಣಸಿನಲ್ಲೂ ಹಾಗೆಯೇ. ಬಿಳಿ ಯಾಮ್‌ನಲ್ಲಿ ಇದು ತಿರುಗುಮುರುಗು, ಹಕ್ಕಿಗಳಲ್ಲಿ ಇರುವಂತೆ ಹೆಣ್ಣಿಗೇ ಎರಡು ಬಗೆ. ಇದು ತಿಳಿದ ಮೇಲೆ ಎಳೆ ಸಸಿಯ ಎಲೆಯ ಚೂರೊಂದನ್ನು ಪರೀಕ್ಷಿಸಿ ಅದು ಗಂಡೋ ಹೆಣ್ಣೋ ಎಂದು ಬಹುಮಟ್ಟಿಗೆ ಹೇಳಬಹುದು, ಹೂವಿಗೆ ಕಾಯಬೇಕಾಗಿಲ್ಲ. ಬಹುಮಟ್ಟಿಗೆ ಮಾತ್ರ, ಯಾಕೆಂದರೆ ವಾತಾವರಣ ನೋಡಿಕೊಂಡು ಕೆಲವು ಬಳ್ಳಿಗಳು ಎರಡೂ ಬಗೆಯ ಹೂ ಬಿಡುತ್ತವೆ.

ಎರಡನೇ ಉಪಯೋಗ ಇನ್ನೂ ದೊಡ್ಡದು. ನೂರಾರು ಗಿಡಗಳ ಡಿಎನ್‌ಎಯನ್ನೂ ಹೊಲದಲ್ಲಿ ಅವು ತೋರಿದ ಗುಣವನ್ನೂ ಪಕ್ಕಪಕ್ಕ ಇಟ್ಟು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ, ಯಾವ ಗುರುತು ಯಾವ ಗುಣದ ಜೊತೆ ಬರುತ್ತದೆ ಎಂದು ತಿಳಿಯುತ್ತದೆ. ಆಮೇಲೆ ಹೊಸ ಸಸಿಯ ಡಿಎನ್‌ಎ ನೋಡಿ, ಅದು ಮುಂದೆ ಹೇಗೆ ಬೆಳೆಯಬಹುದೆಂದು ಅಂದಾಜಿಸಿ, ಆಸೆ ಇಲ್ಲದ್ದನ್ನು ಮೊದಲ ವರ್ಷವೇ ಬಿಡಬಹುದು. ನೈಜೀರಿಯ, ಘಾನಾ, ಬೆನಿನ್, ಐವರಿ ಕೋಸ್ಟ್‌ಗಳಲ್ಲಿ 2014ರಲ್ಲಿ ಶುರುವಾದ ಆಫ್ರಿಕಯಾಮ್ ಎಂಬ ಯೋಜನೆ ಈ ವಿಧಾನಗಳನ್ನು ಸ್ಥಳೀಯ ತಳಿ ಕೇಂದ್ರಗಳಿಗೆ ತಂದಿತು. ಇದು ಹೊರಗಿನ ಜೀನ್ ಸೇರಿಸುವ ಕುಲಾಂತರಿ ತಂತ್ರವಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಹುಟ್ಟುವ ಮರಿ ಮಾಮೂಲಿ ಸಂಕರದ್ದೇ, ಆರಿಸುವ ಕಣ್ಣು ಮಾತ್ರ ಹೊಸದು.

ತಳಿ ಬಂತು, ಬೀಜಗೆಡ್ಡೆ ಎಲ್ಲಿದೆ?

ಒಂದು ಭತ್ತದ ಕಾಳು ನೆಟ್ಟರೆ ನೂರಾರು ಕಾಳು ಸಿಗುತ್ತವೆ. ಯಾಮ್‌ನಲ್ಲಿ ಒಂದು ಕಿಲೋ ನೆಟ್ಟರೆ ಸಿಗುವುದು ಹತ್ತು ಕಿಲೋದ ಒಳಗೆ. ತೆಗೆದ ಬೆಳೆಯಲ್ಲಿ ಕಾಲು ಭಾಗದಷ್ಟನ್ನು ರೈತರು ಮತ್ತೆ ನೆಡುವುದಕ್ಕೇ ಎತ್ತಿಡಬೇಕಾಗುತ್ತದೆ. ತಿನ್ನುವ ವಸ್ತುವೂ ಅದೇ, ಬೀಜವೂ ಅದೇ. ಆದ್ದರಿಂದ ಹೊಸ ತಳಿ ಬಿಡುಗಡೆ ಆಯಿತೆಂದ ಮಾತ್ರಕ್ಕೆ ಊರೂರಿಗೆ ತಲುಪುವುದಿಲ್ಲ. ನನ್ನ ಮಟ್ಟಿಗೆ, ಯಾಮ್ ಸುಧಾರಣೆಯ ಅತಿ ಬಿಗಿಯಾದ ಗಂಟು ಇದೇ. ಹೂವಿನದಲ್ಲ.

ಆಫ್ರಿಕದ ರೈತರ ಹಳೆಯ ಉಪಾಯ ಎರಡು ಕೊಯ್ಲು. ಬಳ್ಳಿ ಹಸಿರಾಗಿರುವಾಗಲೇ ಬುಡದ ಮಣ್ಣನ್ನು ಮೆಲ್ಲಗೆ ಸರಿಸಿ, ಬೇರಿಗೆ ನೋವಾಗದಂತೆ ದೊಡ್ಡ ಗೆಡ್ಡೆಯನ್ನು ಕತ್ತರಿಸಿ ತೆಗೆದು ಮತ್ತೆ ಮಣ್ಣು ಮುಚ್ಚುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಬುಡದಲ್ಲಿ ಸಣ್ಣ ಗೆಡ್ಡೆಗಳು ಕಟ್ಟುತ್ತವೆ. ಅವು ಮುಂದಿನ ವರ್ಷದ ಬೀಜ. ನೈಜೀರಿಯದ ಸಂಶೋಧಕರು ಮುಂದೆ ಕಿರುತುಂಡು ವಿಧಾನ ರೂಪಿಸಿದರು: ಗೆಡ್ಡೆಯನ್ನು 25 ಗ್ರಾಂನಷ್ಟು ಸಣ್ಣ, ಸಿಪ್ಪೆಯಿರುವ ತುಂಡುಗಳಾಗಿ ಕೊಯ್ದು, ಔಷಧಿ ಸವರಿ, ಮೊಳೆಯಿಸಿ ನೆಡುವುದು. ಒಂದೇ ಗೆಡ್ಡೆಯಿಂದ ಹತ್ತಾರು ಬೀಜಗೆಡ್ಡೆ ಸಿಗುತ್ತವೆ.

ಈಚೆಗೆ ಗೆಡ್ಡೆಯನ್ನೇ ಬಿಟ್ಟು ಹಂಬಿನಿಂದ ಸಸಿ ಮಾಡುತ್ತಿದ್ದಾರೆ. ಎಲೆ ಇರುವ ಒಂದೆರಡು ಗೆಣ್ಣಿನ ತುಂಡನ್ನು, ಕರಿಯಾಗುವಂತೆ ಸುಟ್ಟ ಭತ್ತದ ಹೊಟ್ಟಿನಲ್ಲಿ ಊರಿದರೆ ಬೇರು ಬಿಡುತ್ತದೆ. ಐಐಟಿಎ ಗಾಳಿಬೇಸಾಯವನ್ನೂ ಯಾಮ್‌ಗೆ ಒಗ್ಗಿಸಿದೆ: ಮುಚ್ಚಿದ ಪೆಟ್ಟಿಗೆಯೊಳಗೆ ಬೇರು ಮಣ್ಣಿಲ್ಲದೆ ಇಳಿಬಿದ್ದಿರುತ್ತದೆ, ಪೋಷಕಾಂಶದ ನೀರನ್ನು ಮಂಜಿನಂತೆ ಸಿಂಪಡಿಸುತ್ತಾರೆ. ಅಂಗಾಂಶ ಕೃಷಿಯಲ್ಲಿ ವೈರಸ್ ಕಳೆದ ಗಿಡದಿಂದ ಶುರುಮಾಡಿದರೆ ಹೀಗೆ ಹೆಚ್ಚಿಸಿದ್ದೆಲ್ಲ ಶುದ್ಧ. ನಾಟಿ ತಳಿಯನ್ನೇ ವೈರಸ್ ಮುಕ್ತ ಮಾಡಿ ಕೊಟ್ಟರೂ ಇಳುವರಿ ಏರುತ್ತದೆ, ಆದ್ದರಿಂದ ಈ ಕೆಲಸಕ್ಕೆ ಹೊಸ ತಳಿಗಾಗಿ ಕಾಯಬೇಕಾಗಿಲ್ಲ.

ಬೀಜ ಸುಲಭವಾಗಿ ಹೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಐವರಿ ಕೋಸ್ಟ್‌ನ ಫ್ಲೋರಿಡೊ ಸಾಕ್ಷಿ. ಅದು 1970ರ ದಶಕದಲ್ಲಿ ಪೋರ್ಟೊ ರಿಕೊದಿಂದ ಬಂದ ಹೆಗ್ಗೆಣಸಿನ ತಳಿ. ಹದವಾದ ಗಾತ್ರದ ಗೆಡ್ಡೆ, ನೆಟ್ಟರೆ ತಪ್ಪದೆ ಮೊಳೆಯುವ ಗುಣ. ರೈತರಿಂದ ರೈತರಿಗೆ ಕೈ ಬದಲಾಗುತ್ತ ದೇಶದ ತುಂಬ ಹರಡಿತು.

ನಮ್ಮಲ್ಲಿ ಸಿಗುವ ತಳಿಗಳು

ಹೆಗ್ಗೆಣಸಿನಲ್ಲಿ ತಿರುವನಂತಪುರದ ಸಂಸ್ಥೆ ಕೊಟ್ಟಿರುವ ತಳಿಗಳಲ್ಲಿ ಶ್ರೀ ಕೀರ್ತಿ, ಶ್ರೀ ರೂಪ, ಶ್ರೀ ಕಾರ್ತಿಕ ಹೆಸರಾದವು. ಶ್ರೀ ಶಿಲ್ಪ ಸಂಕರದಿಂದ ಬಂದದ್ದು. ಊಬೆಯ ಬಣ್ಣ ಹುಡುಕುವವರಿಗೆ ನೇರಳೆ ತಿರುಳಿನ ಶ್ರೀ ನೀಲಿಮ ಇದೆ. ಕರ್ನಾಟಕದಲ್ಲಿ ಅಖಿಲ ಭಾರತ ಗೆಡ್ಡೆ ಬೆಳೆಗಳ ಸಮನ್ವಯ ಸಂಶೋಧನಾ ಯೋಜನೆಯ ಕೇಂದ್ರ ಧಾರವಾಡದಲ್ಲಿದೆ, ವಿಚಾರಿಸಲು ಅದು ಹತ್ತಿರದ ಜಾಗ. ಜೋಯಿಡಾದ ಕೋನದ ಬಗೆಗಳನ್ನು ಇವುಗಳ ಎದುರು ಕಡಿಮೆ ಎಂದು ಎಣಿಸಬಾರದು. ಮುಂದೆ ಸಂಕರಕ್ಕೆ ಬೇಕಾಗುವ ತಂದೆ ತಾಯಿಗಳು ಅಂಥ ಹಿತ್ತಿಲುಗಳಲ್ಲೇ ಉಳಿದಿರುವುದು.

ನೆಡುವವರು ಬೇಸಿಗೆಯ ಕೊನೆಯಲ್ಲಿ, ಮುಂಗಾರಿಗೆ ಮೊದಲು, ಸಿಪ್ಪೆ ಸಹಿತ 250ರಿಂದ 300 ಗ್ರಾಂ ತುಂಡುಗಳನ್ನು ನೆಟ್ಟರೆ ಎಂಟೊಂಬತ್ತು ತಿಂಗಳಲ್ಲಿ ಗೆಡ್ಡೆ ಕೀಳಬಹುದು. ತೊಟ್ಟಿನ ಕಡೆಯ ತುಂಡು ಬೇಗ ಮೊಳೆಯುತ್ತದೆ, ಅದನ್ನು ಬೇರೆ ಸಾಲಿನಲ್ಲಿ ನೆಟ್ಟರೆ ಬೆಳೆ ಸಮನಾಗಿ ಬರುತ್ತದೆ. ಬೀಜಗೆಡ್ಡೆ ಯಾರ ಹತ್ತಿರವೇ ಕೊಳ್ಳಿ, ಸಿಪ್ಪೆಯನ್ನು ಅಲ್ಲಲ್ಲಿ ಉಗುರಿನಿಂದ ಕೆರೆದು ನೋಡಿ. ಕೆಳಗೆ ಹಳದಿ ಅಥವಾ ಕಂದು ಬಣ್ಣದ ಒಣ ಪದರ ಕಂಡರೆ ಜಂತುಹುಳು ಹೊಕ್ಕಿದೆ ಎಂದರ್ಥ. ಮೈಮೇಲೆ ಗಂಟುಗಂಟಾಗಿ ಉಬ್ಬಿದ್ದರೂ ಅನುಮಾನಿಸಿ. ಅಂಥ ಗೆಡ್ಡೆಯನ್ನು ಕತ್ತರಿಸಿ ಒಳ್ಳೆಯ ಭಾಗವನ್ನು ಅಡುಗೆಗೆ ಬಳಸಬಹುದು, ಹೊಲಕ್ಕೆ ಮಾತ್ರ ಹಾಕಬೇಡಿ.